ಡೆಸ್ಮಂಡ್ ಬಗ್ಗೆ ನೀನು ಬರೆದ 'ನೈಸ್'

ಅಮ್ಮಾ,

ನನ್ನ ಮದುವೆಗೆ ಕಳಿಸಿದ ಶುಭಾಶಯದ ಕಾರ್ಡಿನಲ್ಲಿ ನೀನು "ಡೆಸ್ಮಂಡ್ ನೈಸ್ ಮನುಷ್ಯ" ಎಂದು ಬರೆದಿದ್ದನ್ನು ನಾನು ಎಂದೂ ನಂಬಲಿಲ್ಲ. ಲ್ಯಾಟಿನ್ ಟೀಚರ್ ನೀನು. 'ನೈಸ್' ಪದದ ಲ್ಯಾಟಿನ್ ಮೂಲಕ್ಕೆ ಅರ್ಥ 'ಏನೂ ತಿಳಿಯದವನು' ಎಂದು ನನಗೆ ಹೇಳಿಕೊಟ್ಟವಳೂ ನೀನೇ. ಅಳಿಯನನ್ನು ನಯವಾಗಿ ಪೆದ್ದ ಎಂದಿದ್ದೀಯ ಎಂದುಕೊಂಡು ಆರು ವರ್ಷ ನಿನ್ನ ಮನೆಗೆ ಬರಲಿಲ್ಲ.

ನೀನು ತೀರಿಹೋಗಿ ತಿಂಗಳಾಯಿತು. ಇವತ್ತು ಲಡ್ಲೋ ಊರಿನ ಗ್ರಂಥಾಲಯದಲ್ಲಿ ಗ್ರಂಥಪಾಲಕಿ ಮಿಸೆಸ್ ಪಾರ್ಜಿಟರ್‌ಗೆ ಆ ಕಾರ್ಡು ತೋರಿಸಿದೆ. ಆಕೆ ದಪ್ಪ ನಿಘಂಟು ತೆರೆದರು.

"ಮೊದಲು ಪೆದ್ದ, ಆಮೇಲೆ ಅತಿ ನಾಜೂಕು, ಕೊನೆಗೆ ಒಳ್ಳೆಯವನು. ಪೆದ್ದ ಅನ್ನೋ ಅರ್ಥ ಸತ್ತು ನೂರಾರು ವರ್ಷ ಆಯ್ತು ಕಣಮ್ಮಾ. ಮದುವೆ ಕಾರ್ಡಿಗೋಸ್ಕರ ಯಾರಾದ್ರೂ ಅದನ್ನ ಅಗೆದು ತೆಗೀತಾರಾ?"

"ನಮ್ಮಮ್ಮ ತೆಗೀತಿದ್ಲು."

"ಅವರನ್ನೇ ಕೇಳಬಹುದಿತ್ತಲ್ಲ?"

ನಾನು ಕಾರ್ಡನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ.

ಮನೆಯಲ್ಲಿ ಡೆಸ್ಮಂಡ್ ಚಹಾ ಬಗ್ಗಿಸುತ್ತಿದ್ದ. "ಏನಂತೆ, ಮಾರ್ಜರಿ?"

"ಒಳ್ಳೆಯವನು ಅಂತಂತೆ. ನನಗಿನ್ನೂ ಅನುಮಾನ."

ಅವನು ಚಹಾದ ಪಾತ್ರೆ ಕೆಳಗಿಟ್ಟ.

"ನಿನಗೆ ಹೇಳದೆ ನಾನು ಪ್ರತಿ ಗುರುವಾರ ನಿಮ್ಮಮ್ಮನ ಮನೆಗೆ ಹೋಗ್ತಿದ್ದೆ," ಎಂದ. "ಇರೋದು ನಾವಿಬ್ರೇ ಆದ್ರೂ, ಹೋದಾಗೆಲ್ಲ ಮೇಜಿನ ಮೇಲೆ ಮೂರು ಚಹಾ ಕಪ್ ಇಟ್ಟಿರ್ತಿದ್ರು."