ಕರ್ಪೂರದ ಮರದ ಹುಡುಗಿ

ನಾರಾ
ನವೆಂಬರ್ ೧೯

ಪ್ರೀತಿಯ ಚಿಗುಸಾ,

ಮೈಯಲ್ಲಿ ಹುಷಾರಾಗಿದ್ದೀಯಾ? ಮಗು ಒದೆಯಲು ಶುರುಮಾಡಿರಬೇಕು. ನಿನ್ನ ಕಾರ್ಡು ಸೆಪ್ಟೆಂಬರಿನಲ್ಲೇ ಬಂತು. ಎಂಟು ವರ್ಷದ ಮೇಲೆ ಒಂದೇ ಸಾಲು: 'ಹೆರಿಗೆ ಫೆಬ್ರವರಿಗೆ, ನನ್ನ ಹೊಕ್ಕುಳಬಳ್ಳಿಯ ಪೆಟ್ಟಿಗೆ ಕಳಿಸು.' ಉತ್ತರಿಸದೆ ಎರಡು ತಿಂಗಳು ಕೂತೆ. ತಪ್ಪು ನನ್ನದೇ.

ನೀನು ಹುಟ್ಟಿದಾಗ ಬಳ್ಳಿಯನ್ನು ಒಣಗಿಸಿ ಎತ್ತಿಟ್ಟ ಆ ಪುಟ್ಟ ಪೆಟ್ಟಿಗೆ ಮನೆಯಲ್ಲಿರಲಿಲ್ಲ. ನೀನು ಮನೆ ಬಿಟ್ಟ ಮೇಲೆ, ಏಳು ವರ್ಷದ ನಿನ್ನನ್ನು ನೆನಪಿನಿಂದಲೇ ಕರ್ಪೂರದ ಮರದಲ್ಲಿ ಕೆತ್ತಿದ್ದೆ. ಹಳೇ ಬುದ್ಧವಿಗ್ರಹಗಳ ಟೊಳ್ಳು ಹೊಟ್ಟೆಯಲ್ಲಿ ಏನಾದರೂ ಇಟ್ಟು ಮುಚ್ಚುತ್ತಾರಲ್ಲ, ಹಾಗೆ ನಿನ್ನ ಪೆಟ್ಟಿಗೆಯನ್ನು ಒಳಗಿಟ್ಟು ಮುಖ ಅಂಟಿಸಿಬಿಟ್ಟಿದ್ದೆ. ನೀನು ಕೇಳುತ್ತೀಯೆಂದು ಅಂದುಕೊಂಡಿರಲಿಲ್ಲ. ಮದುವೆಗೇ ಕರೆದಿರಲಿಲ್ಲವಲ್ಲ.

ಕಾರ್ಡು ಬರುವಷ್ಟರಲ್ಲಿ ಬೊಂಬೆ ಇಲ್ಲಿನ ಹಳೇ ಮ್ಯೂಸಿಯಂ ಸೇರಿತ್ತು. ಸಾವಿರ ವರ್ಷದ ದ್ವಾರಪಾಲಕರ ನಡುವೆ ಈ ಕಾಲದವರ ಕೆಲಸ ಇಡುವುದು ಇದೇ ಮೊದಲು. ಹುಳು ಹಿಡಿದಿದೆಯೇ ಎಂದು ಎಕ್ಸ್‌ರೇ ತೆಗೆದ ಮೇಲ್ವಿಚಾರಕ ಹತಾನಕಾ, "ಕಿನುಯೊ ಅವ್ರೇ, ನಿಮ್ಮ ಹುಡುಗಿ ಏನೋ ನುಂಗಿದಾಳಲ್ಲ" ಎಂದು ನಕ್ಕ. "ಇರ್ಲಿ ಬಿಡಿ, ಅಂಟು ಒಣಗಿದೆ. ಈಗ ಮುಖ ಕಿತ್ರೆ ಮರ ಸೀಳತ್ತೆ, ಆಮೇಲೆ ಇಲ್ಲಿ ಇಡಕ್ಕಾಗಲ್ಲ." ನಾನು ಕೀಳಲಿಲ್ಲ. ನಲವತ್ತು ವರ್ಷ ಕಾದ ಜಾಗ ಅದು. ನಿನ್ನ ಕಾರ್ಡನ್ನು ಉಳಿಗಳ ಕೆಳಗೆ ಬಚ್ಚಿಟ್ಟೆ. ಹೇಳಲು ನಾಚಿಕೆಯಾಗುತ್ತದೆ.

ಕಳೆದ ವಾರ ತೋಮೆ ಅಜ್ಜಿ ಮ್ಯೂಸಿಯಂಗೆ ನೋಡಲು ಬಂದಿದ್ದಳು. ನಾನು ಕೆತ್ತುತ್ತ ಕೂತಾಗ ದಿನವೂ ನಿನ್ನನ್ನು ತಾನು ನಡೆಸುತ್ತಿದ್ದ ಸಾರ್ವಜನಿಕ ಸ್ನಾನಗೃಹಕ್ಕೆ ಕರೆದೊಯ್ದು ಮೈ ತೊಳೆದು ಕಳಿಸುತ್ತಿದ್ದಳಲ್ಲ, ಅವಳೇ. ಕೈಗೆ ಕೋಲು ಬಂದಿದೆ, ಬಾಯಿ ಮಾತ್ರ ಹಾಗೇ ಇದೆ. ಬೊಂಬೆಯನ್ನು ತುಂಬಾ ಹೊತ್ತು ನೋಡಿ ಒಂದು ಮಾತಂದಳು. ಮರುದಿನ ಬೆಳಿಗ್ಗೆಯೇ ಹೋಗಿ ಅದನ್ನು ಇಳಿಸಲು ಹೇಳಿದೆ. "ತಲೆ ಕೆಟ್ಟಿದ್ಯೇನ್ರೀ ನಿಮಗೆ" ಎಂದ ಹತಾನಕಾ. ನಾನೇ ಉಳಿಯಿಟ್ಟು ಮುಖ ಕಿತ್ತೆ. ಬೊಂಬೆಯ ಹಣೆ ಸೀಳಿತು.

ಪೆಟ್ಟಿಗೆ ಇದರ ಜೊತೆಗಿದೆ. ಕರ್ಪೂರದ ವಾಸನೆ ಹಿಡಿದಿದೆ, ಗಾಳಿಗಿಟ್ಟರೆ ಹೋಗುತ್ತದೆ. ಹೆರಿಗೆ ಸುಸೂತ್ರವಾಗಲಿ. ಮಗು ಅತ್ತಾಗ ಕೈಯಲ್ಲಿರುವ ಕೆಲಸ ಕೆಳಗಿಟ್ಟು ಎತ್ತಿಕೊಳ್ಳುವ ಬುದ್ಧಿ ನಿನಗಿರಲಿ.

ನಿನ್ನ ಅಮ್ಮ,
ಕಿನುಯೊ

ತಾ.ಕ.: ಮನೆ ಬಿಡುವಾಗ ನೀನು ಕೇಳಿದ್ದೆ, "ಮರಾನ ನೋಡಿದಷ್ಟು ನನ್ನ ಯಾವತ್ತಾದ್ರೂ ನೋಡಿದೀಯೇನಮ್ಮಾ?" ನಾನು ಸಿಟ್ಟಿನಿಂದ ಬಾಗಿಲು ಹಾಕಿಕೊಂಡಿದ್ದೆ. ತೋಮೆ ಅಜ್ಜಿ ಅಂದದ್ದು ಇಷ್ಟೇ: "ಚೆನ್ನಾಗಿದೆ ಕಣೇ. ಆದ್ರೆ ಮಚ್ಚೆ ಬಲಗಣ್ಣಿನ ಕೆಳಗಲ್ವಾ ಇದ್ದಿದ್ದು?" ನಾನು ಎಡಗಣ್ಣಿನ ಕೆಳಗೆ ಕೆತ್ತಿದ್ದೆ. ಆಲ್ಬಮ್ ನೀನು ಒಯ್ದಿದ್ದೀಯ, ಎಷ್ಟು ಯೋಚಿಸಿದರೂ ನನಗೆ ನೆನಪಾಗುತ್ತಿಲ್ಲ. ಯಾವ ಕಣ್ಣು ಎಂದು ಬರೆದು ತಿಳಿಸು.