ದಾಸವಾಳದ ಹದ

೪ ಜನವರಿ ೧೯೫೯, ಭಾನುವಾರ. ಅರಸೀಕೆರೆ

ಸ್ನಾನ, ಸಂಧ್ಯಾವಂದನೆ, ಎರಡು ಲೋಟ ಕಾಫಿ. ಆಮೇಲೆ ನೇರ ಹಿತ್ತಲ ಶೆಡ್ಡಿಗೆ. ಎಲ್ಲ ಭಾನುವಾರದ ಹಾಗೆಯೇ.

ಪುಟ್ಟ ರೈಲಿಂಜಿನ್ನಿನ ಚಾಸಿಸ್ಸನ್ನು ಇಟ್ಟಿಗೆ ಮೇಲೆ ಕೂರಿಸಿದೆ. ಚಕ್ರಗಳಿಗೆ ಎಣ್ಣೆ. ಸೈಕಲ್ ಪಂಪಿನ ರಬ್ಬರ್ ಪೈಪನ್ನು ಸಿಲಿಂಡರಿಗೆ ಸಿಕ್ಕಿಸಿ, ಕೋಮಲವಲ್ಲಿಯನ್ನು ಕರೆದು ಪಂಪು ಹೊಡಿ ಅಂದೆ. ಸೆರಗು ಸಿಕ್ಕಿಸಿಕೊಂಡು ಹೊಡೆದಳು. ಮೊದಲು ಬರೀ ಪುಸ್ ಅಂತ ಗಾಳಿ. ಆಮೇಲೆ ನಾಲ್ಕು ಚಕ್ರವೂ ಒಟ್ಟಿಗೆ ತಿರುಗಿದವು — ನಿಂತವು. ಮತ್ತೆ ಹೊಡೆದಳು. ಮತ್ತೆ ತಿರುಗಿದವು.

"ಎರಡು ವರ್ಷದಿಂದ ಒಂದು ಮದುವೆ ಮುಂಜಿಗೂ ಬರದೆ ಮಾಡಿದ್ದು ಇದನ್ನೇ ಏನ್ರೀ?" ಅಂದಳು. ಪಂಪು ಮಾತ್ರ ಬಿಡಲಿಲ್ಲ.

ಹಳಿಗಳ ನಡುವೆ ಎರಡೂವರೆ ಅಂಗುಲ, ಮೊಳದುದ್ದದ ಇಂಜಿನ್ನು. ಬೆಂಗಳೂರಿನ ಫುಟ್‌ಪಾತಿನಲ್ಲಿ ಸಿಕ್ಕ ಇಂಗ್ಲಿಷ್ ಮ್ಯಾಗಜೀನುಗಳ ನಕ್ಷೆ, ಗೆಳೆಯ ಚನ್ನಬಸವಯ್ಯನ ವರ್ಕ್‌ಶಾಪಿನ ಲೇತು, ನನ್ನ ಹಟ. ಇನ್ನು ಬಾಯ್ಲರು ಒಂದು ಆದರೆ ನಿಜವಾದ ಬೆಂಕಿ, ನಿಜವಾದ ಹಬೆ. ಹಿಂದೆ ಹಲಗೆ ಟ್ರಾಲಿ ಕಟ್ಟಿದರೆ ಆಳು ಕೂತರೂ ಎಳೆಯುತ್ತದಂತೆ.

ನೋಡಿದವರು ಆಟದ ಸಾಮಾನು ಅನ್ನುತ್ತಾರೆ. ಅನ್ನಲಿ. ಇಪ್ಪತ್ತನೇ ವಯಸ್ಸಿನಲ್ಲಿ ಮನೆಯವರ ಕಣ್ಣು ತಪ್ಪಿಸಿ ಫೈರ್‌ಮನ್ ಕೆಲಸಕ್ಕೆ ಹೋಗಿದ್ದೆ, ಮುಂದೆ ಡ್ರೈವರ್ ಆಗಬಹುದು ಅಂತ. ಡಾಕ್ಟರು ಬಣ್ಣಬಣ್ಣದ ಉಲ್ಲನ್ ಎಳೆ ಮುಂದೆ ಹರವಿ, ಕೆಂಪು ಆರಿಸು ಅಂದ. ಆರಿಸಿದೆ. ನಕ್ಕುಬಿಟ್ಟ. ಕೆಂಪು, ಹಸಿರು ಎರಡೂ ನನಗೆ ಒಂದೇ ಮಣ್ಣು ಬಣ್ಣ ಅಂತ ಅವತ್ತೇ ಗೊತ್ತಾದದ್ದು. ಕೆಂಪು ಬಾವುಟ ಕಾಣದವನಿಗೆ ಇಂಜಿನ್ ಕೊಡುವವರುಂಟೆ? ಪಾರ್ಸಲ್ ಆಫೀಸಿನಲ್ಲಿ ಕೂರಿಸಿದರು. ಇನ್ನೂ ಅಲ್ಲೇ ಇದ್ದೇನೆ. ದಿನಾ ಕಿಟಕಿಯಾಚೆ ಯಾರೋ ಹೊರಡುತ್ತಾರೆ, ನಾನು ಬುಟ್ಟಿಗಳಿಗೆ ಚೀಟಿ ಅಂಟಿಸುತ್ತೇನೆ.

ಒಂದು ಸಲ ನನ್ನ ಕೈ ಹಬೆ ಬಿಡುವ ರೆಗ್ಯುಲೇಟರ್ ತೆರೆದು ಒಂದು ಇಂಜಿನ್ ಹೊರಡಬೇಕು. ಎಷ್ಟು ಚಿಕ್ಕದಾದರೂ ಸರಿ.

೧೮ ಜನವರಿ, ಭಾನುವಾರ

ಬಾಯ್ಲರಿನ ತಾಮ್ರದ ತಗಡು ಕತ್ತರಿಸಿ ಬಾಗಿಸಿದ್ದಾಯಿತು. ಈಗ ಬೆಸುಗೆ. ಅಕ್ಕಸಾಲಿಗರು ಹಾಕುವಂಥ ಬೆಳ್ಳಿ ಬೆಸುಗೆಯೇ ಆಗಬೇಕು — ಬಿಳಿಗಾರ ಬಳಿದು, ಬ್ಲೋಲ್ಯಾಂಪಿನಲ್ಲಿ ಕಾಯಿಸಿ. ಚನ್ನಬಸವಯ್ಯನಿಗೆ ಇದು ದಂಡದ ಕೆಲಸ.

"ಸೀಸದ ಬೆಸುಗೆ ಹಾಕಿ ಬಿಸಾಕ್ರಿ ಸ್ವಾಮಿ. ಹತ್ತು ನಿಮಿಷದ ಕೆಲ್ಸ ಐತೆ."

"ಬೆಂಕಿ ಬಿದ್ದರೆ ಕರಗಿಹೋಗುತ್ತೆ ಕಣಯ್ಯ."

"ಕರಗೋಗಂಟ ಓಡ್ತದಲ್ಲ, ಸಾಕು ಬಿಡ್ರಿ."

ಇವನ ಕೈಯಲ್ಲಿ ರಿಪೇರಿಯಾದ ರೈಸ್‌ಮಿಲ್ಲುಗಳನ್ನು ದೇವರೇ ಕಾಪಾಡಬೇಕು.

ಮ್ಯಾಗಜೀನಿನಲ್ಲಿ ಬರೆದಿದೆ: ತಾಮ್ರ ಮಂಕು ಕೆಂಪಿಗೆ ಬಂದಾಗ ಬೆಳ್ಳಿ ಹರಿಯುತ್ತದೆ. ಕಡಿಮೆಯಾದರೆ ಹಿಡಿಯದು, ಹೆಚ್ಚಾದರೆ ತಾಮ್ರವೇ ಕುಸಿಯುತ್ತದೆ. ಎಲ್ಲ ಬಿಟ್ಟು ಕೆಂಪೇ ಬೇಕೆ ಇದಕ್ಕೂ. ಕೆಂಪು ಸುತ್ತಿ ಸುತ್ತಿ ನನ್ನನ್ನೇ ಹುಡುಕಿಕೊಂಡು ಬರುತ್ತದೆ.

"ನಾನು ಪಕ್ಕದಲ್ಲಿ ನಿಂತು ಹೇಳ್ತೀನಿ, ನೀವು ಬೆಸೀರಿ" ಅಂದಳು ಕೋಮಲ.

ಬೇಡ ಅಂದೆ. ಸೀರೆ ಅಂಗಡಿಯಲ್ಲಿ ಅವಳ ಕಣ್ಣು, ಮಾವಿನಹಣ್ಣು ಆರಿಸುವಾಗ ಅವಳ ಕಣ್ಣು. ಇದೊಂದು ಕೆಲಸವಾದರೂ ನನ್ನದಾಗಿ ಇರಲಿ. ಬಣ್ಣದ ಬದಲು ಗಡಿಯಾರ ಇಟ್ಟುಕೊಂಡು ಮಾಡುತ್ತೇನೆ.

೨೫ ಜನವರಿ, ಭಾನುವಾರ. ಸಂಜೆ

ಒಬ್ಬನೇ ಬೆಸೆದೆ. ತಣ್ಣಗಾದ ಮೇಲೆ ನೀರು ತುಂಬಿ ಪಂಪಿನಲ್ಲಿ ಒತ್ತಡ ಕೊಟ್ಟೆ. ಎಲ್ಲ ಸಂದಿನಲ್ಲೂ ಬೆವರಿತು. ಕುಸಿದೀತು ಅನ್ನುವ ಭಯದಲ್ಲಿ ಎಲ್ಲ ಕಡೆಯೂ ಬೇಗ ಬೆಂಕಿ ತೆಗೆದಿದ್ದೇನೆ.

ಹೋಗಲಿ, ಮತ್ತೆ ಕಾಯಿಸಿದರಾಯಿತು. ಗಾಳಿಗೆ ಕಾವು ನಿಲ್ಲುತ್ತಿಲ್ಲ, ಅದೇ ತೊಂದರೆ. ಒಂದು ಬಳಪದ ಕಲ್ಲಿನ ಮರಿಗೆ ತಂದು, ಇದ್ದಿಲು ತುಂಬಿ, ಅದರೊಳಗೆ ಬಾಯ್ಲರು ಇಟ್ಟು ಬೆಸೆದರೆ? ಕಲ್ಲು ಕಾವು ಹಿಡಿದಿಡುತ್ತದೆ. ಬರುವ ವಾರ ಬೇಲೂರಿಗೆ ಅಣ್ಣನ ಮನೆಗೆ ಹೋಗುವುದಿದೆ. ದಾರಿಯಲ್ಲಿ ಹಳೇಬೀಡು, ಅಲ್ಲಿ ಮರಿಗೆ ಸಿಗುತ್ತದೆ.

೧ ಫೆಬ್ರವರಿ, ಭಾನುವಾರ. ಬೇಲೂರು

ನಿನ್ನೆ ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಹೊರಟೆವು. ಅಮ್ಮ ಬರಲಿಲ್ಲ — ಬಸ್ಸಿನಲ್ಲಿ ಮಡಿ ಕೆಡುತ್ತದೆ.

ಹಳೇಬೀಡಿನಲ್ಲಿ ಇಳಿದೆವು. ಕೆರೆ ಕಡೆ ರಸ್ತೆಯಲ್ಲಿ ತಿಮ್ಮಕ್ಕ ಅನ್ನುವ ಹೆಂಗಸು ಕಲ್ಲಿನ ಮರಿಗೆ ಮಾರುತ್ತಿದ್ದಳು. ಎಲ್ಲದಕ್ಕಿಂತ ದೊಡ್ಡದನ್ನು ಮುಟ್ಟಿ ನೋಡಿದೆ.

"ಉಪ್ಪಿನಕಾಯಿಗಾ, ಹುಳಿಗಾ ಸ್ವಾಮಿ?"

"ಬೆಂಕಿ ತುಂಬೋಕೆ."

ನನ್ನ ಜುಟ್ಟು ನೋಡಿದಳು, ಕೋಮಲನ ಮುಖ ನೋಡಿದಳು. "ಯಜಮಾನ್ರು ಚೆಂದಾಗೌರೇನವ್ವ?" ಅಂದಳು. ಕೋಮಲ ಬಸ್ ಹತ್ತುವವರೆಗೂ ನಗುತ್ತಿದ್ದಳು.

ಅಣ್ಣ ವರದರಾಜನಿಗೆ ದೇವಸ್ಥಾನದ ಮಡಪಳ್ಳಿಯಲ್ಲಿ ಅಡುಗೆ ಕೆಲಸ. ಮರಿಗೆ ನೋಡಿ, "ನಲವತ್ತರ ಹತ್ತಿರ ಬಂದೆಯಲ್ಲೋ ಅನಂತು, ಇನ್ನೂ ರೈಲಾಟವೇ?" ಅಂದ. ಸುಮ್ಮನೆ ಪುಳಿಯೋಗರೆ ತಿಂದೆ. ಅಣ್ಣನ ಮಾತಿಗಿಂತ ಅವನ ಪುಳಿಯೋಗರೆ ವಾಸಿ.

೨ ಫೆಬ್ರವರಿ, ಸೋಮವಾರ

ಬೆಳಗಿನ ಬಸ್ಸಿಗೆ ವಾಪಸ್. ಬಾಗಿಲಲ್ಲೇ ಅಮ್ಮ.

"ನೀನಿಲ್ಲದಾಗ ಒಂದು ಒಳ್ಳೇ ಕೆಲಸ ಮಾಡಿಸಿದೀನಿ ಅನಂತು. ಕಲಾಯಿಯವನು ಬಂದಿದ್ದ."

ಜಗಲಿ ಮೇಲೆ ತಪ್ಪಲೆ, ಕೊಳದಪ್ಪಲೆ, ಎಲ್ಲ ಹೊಳೆಯುತ್ತಿವೆ. ಸಾಲಿನ ಕೊನೆಯಲ್ಲಿ ನನ್ನ ಬಾಯ್ಲರು. ಅದೂ ಹೊಳೆಯುತ್ತಿದೆ.

"ಇದಕ್ಕೆ ಯಾಕಮ್ಮ?"

"ತಾಮ್ರದಲ್ಲಿ ಕಲಾಯಿ ಇಲ್ಲದೆ ನೀರು ಕುದಿಸ್ತಾರೇನೋ ಯಾರಾದ್ರೂ? ಆ ಕಿಲುಬಿನ ಹಬೆ ಅಡುಗೆಮನೆಗೆ ಬಂದ್ರೆ ಪೆರುಮಾಳ್ ಪ್ರಸಾದದ ಗತಿ ಏನು? ಅವನೂ ಪಾಪ ಎಷ್ಟು ಕಷ್ಟಪಟ್ಟ. ಒಳಗೆ ಕೈ ಹೋಗಲ್ಲ ಅಂತ ತವರ ಕರಗಿಸಿ ಸುರಿದು, ಚೆನ್ನಾಗಿ ಕುಲುಕಿದ."

ಕುಲುಕಿದನಂತೆ. ಒಳಗಿನ ಕೊಳವೆಗಳಲ್ಲಿ ಅರ್ಧ ತವರ ಕಟ್ಟಿಕೊಂಡಿದೆ. ಅದು ಹೋದರೂ ಉಪಯೋಗವಿಲ್ಲ, ತವರ ಕುಡಿದ ತಾಮ್ರಕ್ಕೆ ಬೆಳ್ಳಿ ಬೆಸುಗೆ ಹಿಡಿಯುವುದಿಲ್ಲ. ಮುಗಿಯಿತು.

ರೇಗಲಿಲ್ಲ. ರೇಗಿದ್ದರೆ ವಾಸಿಯಿತ್ತು. ಊಟ ಬೇಡ ಅಂದು ಆಫೀಸಿಗೆ ಹೋದೆ.

೮ ಫೆಬ್ರವರಿ

ಚಾಸಿಸ್ಸನ್ನು ಗೋಣಿಯಲ್ಲಿ ಸುತ್ತಿ ಚನ್ನಬಸವಯ್ಯನಿಗೆ ಕೊಟ್ಟು ಬಂದೆ. ನೀನೇ ಇಟ್ಕೋ ಅಂದೆ. "ನಾನಿಟ್ಕಂಡು ಏನ್ ಮಾಡ್ಲಿ ಸ್ವಾಮಿ? ಇಲ್ಲೇ ಬಿದ್ದಿರ್ಲಿ, ತುಕ್ಕು ಹಿಡೀದಂಗೆ ಎಣ್ಣೆ ಬಿಟ್ಟಿರ್ತೀನಿ" ಅಂದ.

ಅಮ್ಮ ಮಾತಾಡುತ್ತಿಲ್ಲ. ಏನೋ ಕೆಡಿಸಿದೆ ಅಂತ ತಿಳಿದಿದೆ, ಏನು ಅಂತ ತಿಳಿದಿಲ್ಲ.

ನಿಜ ಹೇಳಬೇಕೆಂದರೆ ಕಲಾಯಿ ಒಂದು ನೆಪ. ಅಮ್ಮ ಕೆಡಿಸಿದ್ದು ಮೊದಲೇ ಕೆಟ್ಟಿದ್ದ ಬಾಯ್ಲರನ್ನು. ಹೊಸ ತಾಮ್ರ ತಂದರೂ ಮತ್ತೆ ಅದೇ ಗಡಿಯಾರ, ಅದೇ ಭಯ, ಅದೇ ಬೆವರುವ ಸಂದು. ಡಾಕ್ಟರು ನಕ್ಕದ್ದರಲ್ಲಿ ತಪ್ಪಿಲ್ಲ. ದುಃಖವಾಗುತ್ತದೆ.

೧ ಮಾರ್ಚ್, ಭಾನುವಾರ

ಬೆಳಿಗ್ಗೆ ಶೆಡ್ಡಿನಲ್ಲಿ ದಡ್ ಅಂತ ಸದ್ದು. ಹೋಗಿ ನೋಡಿದರೆ ಅಮ್ಮ. ಬಚ್ಚಲುಮನೆಯ ಅಟ್ಟದ ಮೇಲಿದ್ದ ಹಳೇ ತಾಮ್ರದ ಹಂಡೆಯನ್ನು ಉರುಳಿಸಿಕೊಂಡು ತಂದಿದ್ದಾಳೆ. ಜೊತೆಗೆ ಕೋಮಲ. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ, ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಕೋಮಲ ಎಲ್ಲ ಹೇಳಿದಳು" ಅಂದಳು ಅಮ್ಮ. "ಇದಕ್ಕೆ ಯಾವತ್ತೂ ಕಲಾಯಿ ಹಾಕಿಸಿಲ್ಲ. ಬೇಕಾದ್ರೆ ಒಳಗೆ ಬಗ್ಗಿ ನೋಡ್ಕೋ. ತಳ ತೂತು, ನೀರು ಕಾಯಿಸೋಕೂ ಬರಲ್ಲ."

ಬಗ್ಗಿ ನೋಡಿದೆ. ಒಳ್ಳೇ ದಪ್ಪ ತಾಮ್ರ. ಅಮ್ಮನ ಕಾಲು ಮುಟ್ಟಲು ಹೋದೆ — "ಮಡಿ, ಮಡಿ" ಅಂತ ಹಿಂದೆ ಸರಿದಳು.

ಅಮ್ಮ ಹೋದ ಮೇಲೆ ಕೋಮಲ ಇದ್ದಿಲ ಮೂಟೆ ಮೇಲೆ ಕೂತಳು. "ಈ ಸಲ ನಾನು ನೋಡ್ತೀನಿ. ಬೇಡ ಅಂದ್ರೆ ಹಂಡೆ ವಾಪಸ್ ಅಟ್ಟಕ್ಕೆ ಹೋಗುತ್ತೆ."

"ನಾನೊಬ್ಬನೇ ಮಾಡಬೇಕು ಅಂತಿತ್ತು ಕಣೇ."

"ರೈಲಲ್ಲಿ ಡ್ರೈವರ್ ಒಬ್ಬನೇ ಇರ್ತಾನೇನ್ರೀ? ಪಕ್ಕದಲ್ಲಿ ಫೈರ್‌ಮನ್ ಇರಲ್ವಾ?"

ಹತ್ತೊಂಬತ್ತು ವರ್ಷ ರೈಲ್ವೆಯಲ್ಲಿದ್ದೇನೆ, ಇದು ಹೊಳೆದಿರಲಿಲ್ಲ. ಆಗಲಿ ಅಂದೆ.

೧೫ ಮಾರ್ಚ್, ಭಾನುವಾರ

ಮೊದಲು ಹಂಡೆಯ ತುಂಡುಗಳಲ್ಲಿ ಅಭ್ಯಾಸ. ಶೆಡ್ಡಿನ ಬಾಗಿಲು ಮುಚ್ಚಿ, ಕತ್ತಲು ಮಾಡಿಕೊಂಡು. ಮಂಕು ಕೆಂಪು ಅಂದರೆ ಎಂಥದು ಅಂತ ಅವಳಿಗೂ ಗೊತ್ತಿಲ್ಲ, ನನಗಂತೂ ಮೊದಲೇ ಇಲ್ಲ. "ಹೂವು ಹಣ್ಣಲ್ಲಿ ಹೇಳ್ತೀನಿ ಬಿಡಿ, ನೀವು ಯಾವುದಕ್ಕೆ ಏನಾಗುತ್ತೆ ನೋಡ್ಕೊಳ್ಳಿ" ಅಂದಳು.

ಕಾಯಿಸುತ್ತಾ ಹೋದೆ. "ನೇರಳೆ ಹಣ್ಣು" ಅಂದಳು. ಬೆಳ್ಳಿ ಅಲ್ಲಾಡಲಿಲ್ಲ. ಇನ್ನೂ ಕಾಯಿಸಿದೆ. "ದಾಸವಾಳ" ಅಂದಳು — ಬೆಳ್ಳಿ ನೀರಾಗಿ ಸಂದಿನುದ್ದಕ್ಕೂ ಓಡಿತು. ಬೇಕೆಂದೇ ಬೆಂಕಿ ತೆಗೆಯಲಿಲ್ಲ. "ಕನಕಾಂಬರ" ಅನ್ನುವಷ್ಟರಲ್ಲಿ ತುಂಡು ಬಗ್ಗಿ ಮರಿಗೆಯೊಳಗೆ ಬಿತ್ತು.

ಆರು ತುಂಡು ಸುಟ್ಟೆವು. ಆರರಲ್ಲೂ ಅದೇ. ದಾಸವಾಳ ಬಂದರೆ ಹದ, ಕನಕಾಂಬರ ಬಂದರೆ ಕೆಟ್ಟಿತು. ಎರಡು ಹೂವಿನ ಬಣ್ಣವೂ ನನಗೆ ಕಾಣದು, ಹೆಸರು ಸಾಕು. ಇಷ್ಟು ಸುಲಭ ಅಂತ ಗೊತ್ತಿದ್ದರೆ ಜನವರಿಯಲ್ಲೇ ಕೇಳಬಹುದಿತ್ತು. ಸಂತೋಷಕ್ಕೆ ಮೂರು ಲೋಟ ಕಾಫಿ ಕುಡಿದೆ.

ಚಾಸಿಸ್ ವಾಪಸ್ ತಂದೆ. ಚನ್ನಬಸವಯ್ಯ ಎಣ್ಣೆ ಬಿಟ್ಟಿದ್ದ, ಕೊಬ್ಬರಿ ಎಣ್ಣೆ. ಇರುವೆ ಮುತ್ತಿವೆ.

೨೯ ಮಾರ್ಚ್, ಭಾನುವಾರ. ಮಧ್ಯಾಹ್ನ

ಹೊಸ ಬಾಯ್ಲರಿನ ಬೆಸುಗೆ ಮುಗಿಯಿತು. ಎರಡು ಭಾನುವಾರ ಹಿಡಿಯಿತು. ನನ್ನ ಕೈ, ಅವಳ ಬಾಯಿ. "ಎಡಗಡೆ ಇನ್ನೂ ನೇರಳೆ ರೀ... ಬಲಗಡೆ ದಾಸವಾಳ... ಅಲ್ಲೇ ಹಾಕಿ... ಸಾಕು, ಕನಕಾಂಬರಕ್ಕೆ ಹೊರಡ್ತಿದೆ, ತೆಗೀರಿ ತೆಗೀರಿ." ಅವಳ ದನಿ ಕೇಳುತ್ತಾ ಒಂದು ಸಲವೂ ಗಡಿಯಾರ ನೋಡಲಿಲ್ಲ. ಭಯವೂ ಆಗಲಿಲ್ಲ, ಅದೇ ಆಶ್ಚರ್ಯ.

ನೀರಿನ ಪರೀಕ್ಷೆ. ನಡೆಸುವ ಒತ್ತಡದ ಎರಡರಷ್ಟು ಕೊಟ್ಟು ಕಾದು ಕೂತೆವು. ಒತ್ತಡ ಮಾಪಕದ ಮುಳ್ಳು ನಿಂತಲ್ಲೇ ನಿಂತಿತು. ಕೋಮಲ ಸಂದಿನ ಸುತ್ತ ಬೆರಳಾಡಿಸಿ, ಬೆರಳು ನನ್ನ ಕೆನ್ನೆಗೆ ಒತ್ತಿದಳು. ಒಣಗಿತ್ತು.

೧೨ ಏಪ್ರಿಲ್

ಲೈನು ಹಾಕುತ್ತಿದ್ದೇವೆ. ಗೂಟದ ಮೇಲೆ ಹಲಗೆ, ಹಲಗೆ ಮೇಲೆ ಕಬ್ಬಿಣದ ಪಟ್ಟಿ. ತೆಂಗಿನಮರದಿಂದ ಬಾವಿ ಕಟ್ಟೆಯವರೆಗೆ. ಮಧ್ಯದಲ್ಲಿ ಅಮ್ಮನ ತುಳಸಿಕಟ್ಟೆ ಇರುವುದರಿಂದ ಒಂದು ತಿರುವು. ತಿರುವಿನಾಚೆ ದಾಳಿಂಬೆ ಗಿಡ ಅಡ್ಡ, ಬಾವಿ ಕಡೆ ಏನಿದೆ ಅಂತ ಕೂತವನಿಗೆ ಕಾಣುವುದಿಲ್ಲ. ಹಸು ಬಂದು ನಿಂತರೆ? ಆ ತುದಿಯಲ್ಲಿ ಒಬ್ಬರು ನಿಲ್ಲಲೇಬೇಕು.

೧೯ ಏಪ್ರಿಲ್, ಭಾನುವಾರ. ಬೆಳಿಗ್ಗೆ ೮

ಟ್ರಾಲಿ ಮೇಲೆ ಕೂತು ಬರೆಯುತ್ತಿದ್ದೇನೆ. ಬೆಂಕಿ ಹತ್ತಿದೆ. ಮೊದಲು ಇದ್ದಿಲು, ಈಗ ಸ್ಟೇಷನ್ನಿನ ಕಲ್ಲಿದ್ದಲ ಚೂರು. ಒತ್ತಡ ಎಪ್ಪತ್ತೈದು ಪೌಂಡಿಗೆ ಏರುವವರೆಗೆ ಬೇರೆ ಕೆಲಸವಿಲ್ಲ, ಕೈ ಸುಮ್ಮನಿರುತ್ತಿಲ್ಲ.

ಅಮ್ಮ ಹೊಗೆ ಗೂಡಿಗೆ ತಿರುಮಣ್ಣಿನ ನಾಮ ಎಳೆದು ಹೋದಳು. ಚನ್ನಬಸವಯ್ಯ ಬಂದವನು ನಾಮ ನೋಡಿ, "ಒಂದ್ ಚೂರು ವಿಭೂತೀನೂ ಬಳೀರಿ, ಲೇತು ನಂದು" ಅಂದ. ಇಬ್ಬರಿಗೂ ವಾದ ನಡೆಯುತ್ತಿದೆ.

ಮುಳ್ಳು ಅಲ್ಲಾಡಿತು. ಹತ್ತು.

ಕೋಮಲ ಎರಡು ಬಾವುಟ ಹೊಲಿದು ತಂದಿದ್ದಳು, ಸ್ಟೇಷನ್ನಿನವರು ಹಿಡಿಯುವಂಥವು, ಒಂದು ಕೆಂಪಂತೆ, ಒಂದು ಹಸಿರಂತೆ. ನಾನು ನೋಡಿದೆ, ಅವಳು ನನ್ನನ್ನು ನೋಡಿದಳು. ನಾಲಿಗೆ ಕಚ್ಚಿಕೊಂಡಳು. ನನಗೆ ಆ ಉಲ್ಲನ್ ಎಳೆಗಳೇ ಕಣ್ಣ ಮುಂದೆ.

ಆಮೇಲೆ ಎರಡನ್ನೂ ಸುತ್ತಿ ಒಲೆಯಿಂದ ಪಾತ್ರೆ ಇಳಿಸಲು ಮಸಿಬಟ್ಟೆಯಾಗಲಿ ಅಂತ ಜಗಲಿಗೆ ಎಸೆದಳು. "ಬಾವುಟ ಯಾಕ್ರೀ, ನನಗೆ ಬಾಯಿಲ್ವಾ? ಅಲ್ಲಿಂದ ಕೂಗ್ತೀನಿ. ನಾನು ಲೈನ್ ಕ್ಲಿಯರ್ ಅಂದ್ರೆ ಬನ್ನಿ, ಇಲ್ಲದಿದ್ರೆ ಇಲ್ಲ."

ಬಾವಿ ಕಡೆ ಹೊರಟಳು. ದಾಳಿಂಬೆ ಗಿಡದಾಚೆ ಹೋದ ಮೇಲೆ ಕಾಣುತ್ತಿಲ್ಲ.

ನಲವತ್ತು. ಕೊಳವೆಯಲ್ಲಿ ಸಣ್ಣಗೆ ಸದ್ದು. ಚನ್ನಬಸವಯ್ಯ ವಾದ ನಿಲ್ಲಿಸಿದ್ದಾನೆ. ಅಮ್ಮ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಾಳೆ.

ಅರವತ್ತು. ಅವಳಿನ್ನೂ ಕೂಗಿಲ್ಲ. ಹಸು ಇರಬೇಕು. ಹೈ ಹೈ ಅಂತ ಓಡಿಸುತ್ತಿರುವುದು ಕೇಳಿಸುತ್ತಿದೆ.

ಎಪ್ಪತ್ತೈದು. ಎಡಗೈ ರೆಗ್ಯುಲೇಟರ್ ಮೇಲೆ ಇಟ್ಟಿದ್ದೇನೆ. ಬಿಸಿ ಇದೆ. ಸುಮ್ಮನೆ ಹಾಗೇ

ಕೂಗಿದಳು. ಲೈನ್ ಕ್ಲಿ