ಅಪ್ಪನ ಮಣ್ಣಿಗೆಂದು ತರಿಸಿದ ರೈಫಲ್

ಹಾರ್ಲನ್ ಮಿಲ್ಸ್, ಅಯೋವಾ
ಮಂಗಳವಾರ, ೩ ಮಾರ್ಚ್ ೧೯೯೮

ಪ್ರೀತಿಯ ತಮ್ಮ ಡೆನ್ನಿ,

ಹೇಗಿದ್ದೀಯೋ? ಬೆನ್ನುನೋವು ಏನನ್ನುತ್ತಿದೆ? ಕೊಲೆಟ್‌ಳ ಕೆಮ್ಮು ನಿಂತಿತೇ? ನಿಮ್ಮ ಕೆನಡಾದವರಿಗೆ ನಮ್ಮ ಚಳಿ ಚಳಿಯೇ ಅಲ್ಲ, ಗೊತ್ತು, ಆದರೂ ಈ ಸಲ ನನ್ನ ಹಾಲಿನ ಲಾರಿಯ ಡೀಸೆಲ್ ಎರಡು ಬಾರಿ ಹೆಪ್ಪುಗಟ್ಟಿತು. ನನಗೆ ಬರೆಯುವುದಕ್ಕಿಂತ ಮಾತಾಡುವುದು ಸಲೀಸಲ್ಲವೇ, ಅದಕ್ಕೇ ಲಾರಿ ಓಡಿಸುತ್ತಾ ಟೇಪಿಗೆ ಮಾತಾಡಿದ್ದೇನೆ. ಗ್ಲೆಂಡಾ ಅಡುಗೆಮನೆಯಲ್ಲಿ ಕೂತು ಕೇಳಿ ಕೇಳಿ ಬರೆಯುತ್ತಾಳೆ. "ಇಪ್ಪತ್ತಾರು ವರ್ಷ ಕಿವಿಲಿ ಕೇಳಿದ್ದು ಸಾಲದು ಅಂತ ಈಗ ಕೈಲೂ ಕೇಳ್ಬೇಕಾ ಮಾರಾಯಾ?" ಅಂತ ಗೊಣಗುತ್ತಲೇ ಬರೆಯುತ್ತಾಳೆ, ಒಳ್ಳೆಯವಳು. ಅಮ್ಮ ಪರವಾಗಿಲ್ಲ. ಊಟಕ್ಕೆ ಕೂರುತ್ತಾಳೆ, ಅಪ್ಪನ ತಟ್ಟೆಯನ್ನೂ ಇಡುತ್ತಾಳೆ, ಆಮೇಲೆ ನೆನಪಾಗಿ ತೆಗೆಯುತ್ತಾಳೆ. ನೀನು ಕಳಿಸಿದ ಹೂವು ಬಂತು. ಕಿಟಕಿಯಲ್ಲಿಟ್ಟು, ಬಾಡಿದ ಮೇಲೂ ಎಸೆಯಲು ಬಿಟ್ಟಿಲ್ಲ.

ಅಪ್ಪನ ಮಣ್ಣು ಹೇಗಾಯಿತು ಅಂತ ಕೇಳಿದ್ದೀಯ. ಅದನ್ನು ಹೇಳಬೇಕಾದರೆ ರೈಫಲ್ಲಿನಿಂದ ಶುರು ಮಾಡಬೇಕು. ರೈಫಲ್ ಮುಟ್ಟುವುದಿಲ್ಲ ಅಂತ ಹೇಳಿ ಮನೆ ಬಿಟ್ಟವನಿಗೆ ಅಣ್ಣನೊಬ್ಬ ರೈಫಲ್ ಕೊಂಡ ಕಥೆ ಬರೆಯುವುದೆಂದರೆ ನನಗೂ ಒಂಥರಾ ಮುಜುಗರವೇ. ವಿಯೆಟ್ನಾಂ ಯುದ್ಧಕ್ಕೆ ಸೈನ್ಯ ಕಡ್ಡಾಯವಾಗಿ ಕರೆದಾಗ ನನ್ನ ಎಡಗಿವಿ ಕೇಳಿಸದೆಂದು ವಾಪಸು ಕಳಿಸಿತು. ನಿನಗೆ ಎರಡೂ ಕಿವಿ ಸರಿಯಾಗಿದ್ದವು. ನಮ್ಮಿಬ್ಬರ ನಡುವೆ ಇದ್ದ ವ್ಯತ್ಯಾಸ ಅಷ್ಟೇ ಅಂತ ನಾನು ಅಪ್ಪನಿಗೆ ಒಮ್ಮೆಯಾದರೂ ಹೇಳಬೇಕಿತ್ತು, ಹೇಳಲಿಲ್ಲ.

ಈ ತಾಲ್ಲೂಕಿನಲ್ಲಿ ಯಾವ ಮಾಜಿ ಸೈನಿಕ ಸತ್ತರೂ ಮಣ್ಣಿನ ಹೊತ್ತು ಗೌರವದ ಗುಂಡು ಹಾರಿಸುವ ಸಾಲಿನಲ್ಲಿ ಮೊದಲು ನಿಲ್ಲುತ್ತಿದ್ದವನು ಅಪ್ಪ, ನಿನಗೆ ನೆನಪಿರಬೇಕು. ಏಳು ಜನ, ಮೂರು ಸಲ, ಆಮೇಲೆ ಮೂರು ಖಾಲಿ ತೋಟಾ ಮಡಿಸಿದ ಬಾವುಟದೊಳಗೆ ಸಿಕ್ಕಿಸಿ ಮನೆಯವರ ಕೈಗೆ. ಆ ಸಾಲು ಏಳರಿಂದ ಐದಾಯಿತು, ಐದರಿಂದ ಮೂರು. ಎರಡು ವರ್ಷದ ಹಿಂದೆ ಮಾಜಿ ಸೈನಿಕರ ಸಂಘವನ್ನೇ ಮುಚ್ಚಿದರು, ಎರವಲು ಕೊಟ್ಟಿದ್ದ ರೈಫಲ್ಲುಗಳನ್ನು ಸೈನ್ಯ ವಾಪಸು ತೆಗೆದುಕೊಂಡು ಹೋಯಿತು. ಅಕ್ಟೋಬರಿನಲ್ಲಿ ಡಾಕ್ಟರು ಇನ್ನು ಮಾಡುವಂಥದ್ದೇನಿಲ್ಲ ಅಂದ ದಿನ, ಅಪ್ಪ ಲಾರಿಯಲ್ಲಿ ಕೂತು ಕೇಳಿದ್ದು ಒಂದೇ ಮಾತು. "ಊರೋರಿಗೆಲ್ಲ ನಾ ಹೊಡ್ದೆ. ನನಗ್ಯಾರೋ ಹೊಡೀತಾರೆ?" ನಗುತ್ತಲೇ ಕೇಳಿದ. ನಾನು ರಸ್ತೆಯನ್ನೇ ನೋಡುತ್ತಾ ಓಡಿಸಿದೆ.

ಮೊದಲು ನಾನೊಂದು ಕ್ಯಾಟಲಾಗು ತಂದು ತೋರಿಸಿದೆ. ಹಳೆಯದರ ಹಾಗೇ ಕಾಣುವ ಹೊಸ ನಕಲು, ಪರೇಡಿನವರು ಕೊಳ್ಳುವಂಥದ್ದು, ಹಗುರ. ಅಪ್ಪ ಕನ್ನಡಕ ಏರಿಸಿ ನೋಡಿದ. "ಆಟದ ಸಾಮಾನು ಹಿಡ್ಕೊಂಡು ನನ್ನ ಮಣ್ಣು ಮಾಡ್ತೀಯಾ? ಹಂಗಾದ್ರೆ ಬಾಯಲ್ಲೇ ಢಂ ಅಂದುಬಿಡು, ಖರ್ಚಿಲ್ಲ." ಸರಿ, ಅಸಲೀನೇ ಆಗಲಿ ಅಂದುಕೊಂಡೆ. ಸರ್ಕಾರವೇ ಹಳೆಯ ಯುದ್ಧದ ರೈಫಲ್ಲುಗಳನ್ನು ಗುರಿಕಾರರ ಕ್ಲಬ್ಬಿನ ಸದಸ್ಯರಿಗೆ ಮಾರುತ್ತದೆ. ಆ ಸದಸ್ಯತ್ವದ ಕಾಗದಕ್ಕೋಸ್ಕರ ಈ ವಯಸ್ಸಿನಲ್ಲಿ ನಾನು ಕ್ಲಬ್ ಸೇರಿದೆ. ಅರ್ಜಿಯ ಜೊತೆಗೆ ಒಂದು ಹುಚ್ಚು ಚೀಟಿಯನ್ನೂ ಇಟ್ಟೆ: ಜರ್ಮನಿಯ ಕಾಡಿನಲ್ಲಿ ಅಪ್ಪ ಹೊತ್ತು ತಿರುಗಿದ ರೈಫಲ್ಲಿನ ನಂಬರು. ಮಾತ್ರೆ ನುಂಗಿದ್ದು ಮರೆಯುತ್ತಿದ್ದ ಮನುಷ್ಯ ಆ ಏಳು ಅಂಕಿಯನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ. ಆರಿಸಿ ಕೊಡುವುದಿಲ್ಲ, ಕೈಗೆ ಸಿಕ್ಕಿದ್ದನ್ನು ಕಳಿಸುತ್ತೇವೆ ಅಂತ ಉತ್ತರ ಬಂತು.

ನವೆಂಬರಿನಲ್ಲಿ ಉದ್ದನೆಯ ರಟ್ಟಿನ ಡಬ್ಬಿ ಬಂತು. ಅಡುಗೆಮನೆ ಮೇಜಿನ ಮೇಲೆ ಬಿಚ್ಚಿದೆವು. ಮರಕ್ಕೆ, ಕಬ್ಬಿಣಕ್ಕೆಲ್ಲ ಮೇಣದಂಥ ಕಂದು ಗ್ರೀಸು. ಅಮ್ಮ ಮೂಗು ಮುಚ್ಚಿಕೊಂಡು, "ನನ್ನ ಮೇಜುಬಟ್ಟೆ ಹೋಯ್ತು" ಅಂದಳು. ಪಕ್ಕದ ಹೊಲದ ಆರ್ನೋ ಬ್ರಾಂಟ್ ಆಗಲೇ ಬಂದು ಸೇಬಿನ ಕಡುಬು ತಿನ್ನುತ್ತಿದ್ದ. "ಹಾಲಿನೋನಿಗೆ ಅಂಚೇಲಿ ಬಂದೂಕ ಬಂತು, ಇನ್ನು ದನಗಳು ಹೆದರ್ಕೊಂಡು ತಾವೇ ಹಾಲು ಕೊಡ್ತವೆ ಬಿಡು" ಅಂದ. ಅಪ್ಪ ಇದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಹೆಬ್ಬೆರಳಿನಿಂದ ಗ್ರೀಸು ಒರೆಸಿ ನಂಬರು ಓದಿದ. ಒಂದಂಕಿಯೂ ಹೊಂದಲಿಲ್ಲ. "ಇನ್ಯಾವನದೋ. ಅವನಾದ್ರೂ ಮನೆಗೆ ಬಂದ್ನೋ ಏನೋ" ಅಂದು, ಚಿಂದಿ ಬಟ್ಟೆ ಕೇಳಿದ. ಮೂರು ದಿನ ಒರೆಸಿದ, ಡೆನ್ನಿ. ಒಂದೊಂದು ಭಾಗವನ್ನೂ ಬಿಚ್ಚಿ ಮೇಜಿನ ಮೇಲೆ ಸಾಲಾಗಿ ಜೋಡಿಸಿದ.

ಆಮೇಲೆ ನನಗೆ ಪಾಠ. ಗುಂಡಿಲ್ಲದ, ಬರೀ ಮದ್ದಿನ ತೋಟಾ ಹಾಕಿದರೆ ಅದು ತಾನಾಗಿ ಇನ್ನೊಂದನ್ನು ಏರಿಸಿಕೊಳ್ಳುವುದಿಲ್ಲ, ಪ್ರತಿ ಸಲವೂ ತೋಟಾ ಏರಿಸುವ ಕಬ್ಬಿಣದ ತುಂಡನ್ನು, ಅಂದರೆ ಬೋಲ್ಟನ್ನು, ಕೈಯಿಂದ ಎಳೆಯಬೇಕು. ಮೇಲಿನಿಂದ ತೋಟಾ ಒತ್ತಿ ಬೆರಳನ್ನು ತಟ್ಟನೆ ತೆಗೆಯಬೇಕು, ಇಲ್ಲದಿದ್ದರೆ ಬೋಲ್ಟ್ ಮುಂದೆ ಹಾರಿ ಹೆಬ್ಬೆರಳನ್ನು ಕಚ್ಚುತ್ತದೆ. ನನ್ನದನ್ನು ಕಚ್ಚಿತು. ಉಗುರು ಇನ್ನೂ ಕಪ್ಪಗಿದೆ. ನಾನು ಕುಣಿಯುವುದನ್ನು ನೋಡಿ ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಈಗ ಸೇರ್ಕೊಂಡೆ ನೋಡು ಸೈನ್ಯಾನ" ಅಂದ. ಅವನು ಹಾಗೆ ನಕ್ಕಿದ್ದು ಅದೇ ಕೊನೆ.

ಮಣ್ಣಿನ ಹಿಂದಿನ ದಿನ ಫೋನಿನಲ್ಲಿ ನೀನು ಹೇಳಿದ್ದು ನನಗೆ ಸಿಟ್ಟು ತರಿಸಲಿಲ್ಲ. "ಬರಬೇಡ ಅಂದಿದ್ದು ಅಪ್ಪ. ಬಾ ಅನ್ನಬೇಕಾದ್ದೂ ಅಪ್ಪನೇ. ನೀನಲ್ಲ." ಬರಬೇಡ ಅಂತ ಅಪ್ಪ ಅಂದ ದಿನ ನಾನೂ ಊಟದ ಮೇಜಿನಲ್ಲಿದ್ದೆ. ನೀನು ಹೋಗಿ ಎಂಟನೆಯ ದಿನ ಆರ್ನೋನ ಮಗ ಕೆನೆತ್ ವಿಯೆಟ್ನಾಮಿನಿಂದ ಪೆಟ್ಟಿಗೆಯಲ್ಲಿ ಬಂದ, ಅವನ ಮಣ್ಣಿನಲ್ಲಿ ಗೌರವದ ಗುಂಡು ಹಾರಿಸಿದ್ದು ಅಪ್ಪನೇ. ಆರ್ನೋನ ಮುಖ ನೋಡಿಕೊಂಡು ಅಪ್ಪ ಮತ್ತೆ ನಿನ್ನ ಹೆಸರು ಹೇಗೆ ಎತ್ತಿಯಾನು? ಅಪ್ಪ ಮಾಡಿದ್ದು ಸರಿ ಅನ್ನುತ್ತಿಲ್ಲ, ನೋಡಿದ್ದನ್ನು ಹೇಳಿದೆ.

ಮಣ್ಣಿನ ದಿನ ಗಾಳಿ ಜೋರಿತ್ತು, ನೆಲ ಕಲ್ಲಾಗಿತ್ತು. ಏಳು ಜನರ ಜಾಗದಲ್ಲಿ ನಾನೊಬ್ಬನೇ, ಅಪ್ಪನ ಹಳೆಯ ಕೋಟು ತೊಟ್ಟು. ಒಂದು ಹಾರಿಸಿದೆ. ಬೋಲ್ಟ್ ಎಳೆದು, ಹಾಕಿ, ಎರಡನೆಯದು ಹಾರಿಸಿದೆ. ಆಮೇಲೆ ರೈಫಲ್ ಇಳಿಸಿ ನಿಂತುಬಿಟ್ಟೆ. ಎಲ್ಲರೂ ಕಾದರು. ಕೋಲೂರಿಕೊಂಡು ಹಿಂದೆ ನಿಂತಿದ್ದ ಆರ್ನೋ ಮೆಲ್ಲಗೆ, "ಮೂರು ಕಣೋ ಮಗಾ, ಮೂರು" ಅಂದ. ನಾನು ಅಲುಗಾಡಲಿಲ್ಲ. ಹಳೇ ಸಾಮಾನು, ಸಿಕ್ಕಿಹಾಕಿಕೊಂಡಿರಬೇಕು ಅಂತ ಯಾರೋ ಅಂದರು. ಪಾದ್ರಿಗಳು ಬೈಬಲ್ ಮುಚ್ಚಿದರು. ಬಾವುಟ ಮಡಿಸಿ ಅಮ್ಮನ ತೊಡೆಯ ಮೇಲಿಟ್ಟಾಗ ಅವಳು ಮಡಿಕೆಯೊಳಗೆ ಬೆರಳು ತೂರಿಸಿ ತಡಕಿದಳು. ಊರಿನ ಎಷ್ಟೋ ಹೆಂಗಸರು ಹಾಗೆ ತಡಕುವುದನ್ನು ನೋಡಿದವಳಲ್ಲವೇ. "ಎರಡೇನಾ ರೋಲಂಡ್?" ಅಂದಳು. ಅಷ್ಟೇ. ಆಮೇಲೆ ಊರಲ್ಲಿ ಯಾರಾದರೂ ಎದುರಾದರೆ ರೈಫಲ್ಲಿಗೆ ಎಣ್ಣೆ ಹಾಕು ಅನ್ನುತ್ತಾರೆ, ನಾನು ಹೂಂ ಅನ್ನುತ್ತೇನೆ.

ಬೆನ್ನು ನೋಡಿಕೋ, ಭಾರ ಎತ್ತಬೇಡ. ಕೊಲೆಟ್‌ಳಿಗೆ ನಮ್ಮ ಪ್ರೀತಿ. ಅಮ್ಮ ಹೆಣೆಯುತ್ತಿರುವ ಕೈಗವಸು ನಿನಗೇ, ಗೊತ್ತಾಗದವನ ಹಾಗೆ ನಟಿಸು. ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಟ್ಟಿರಲಿ.

ಇಂತಿ ನಿನ್ನ ಅಣ್ಣ,
ರೋಲಂಡ್

ತಾ.ಕ.: ಇದನ್ನು ನಾನೇ ಬರೆಯುತ್ತಿದ್ದೇನೆ, ಅಕ್ಷರ ನೋಡಿದರೇ ಗೊತ್ತಾಗುತ್ತದೆ. ಗ್ಲೆಂಡಾ ಕೋಳಿಗೆ ಕಾಳು ಹಾಕಲು ಹೋಗಿದ್ದಾಳೆ, ಅಂಚೆಯವನು ಬರುವ ಹೊತ್ತು. ರೈಫಲ್ ಸಿಕ್ಕಿಹಾಕಿಕೊಳ್ಳಲಿಲ್ಲ ಡೆನ್ನಿ. ಮೂರನೆಯ ತೋಟಾ ನನ್ನ ಜೇಬಿನಲ್ಲೇ ಇತ್ತು. ಸಾಯುವ ಒಂದು ವಾರ ಮೊದಲು ಅಪ್ಪ ನನ್ನ ತೋಳು ಹಿಡಿದು, "ಎರಡೇ ಹೊಡಿ. ಮೂರನೇದು ಡೆನ್ನಿದು" ಅಂದ. ಇಪ್ಪತ್ತೆಂಟು ವರ್ಷದ ಮೇಲೆ ನಿನ್ನ ಹೆಸರು. ಅವನು ರೈಫಲ್ ಮುಟ್ಟೋದಿಲ್ಲ ಅಪ್ಪಾ, ಅಂದೆ. ಆಮೇಲೆ, "ಮುಟ್ಟೋದು ಬೇಡ. ಬಂದು ನನ್ನ ಹತ್ರ ಸುಮ್ನೆ ನಿಂತ್ಕೊಳ್ಳಲಿ. ಅದೇ ಮೂರನೇದು. ಬರಬೇಕು ಅಂತ ಹೇಳು" ಅಂದ. ನೀನು ಬಾರದೆ ಹೋದರೆ ಅಮ್ಮನಿಗೆ ಇದು ಎರಡನೇ ಸಾವಿನ ಹಾಗಾಗುತ್ತದೆ ಅಂತ ಅವಳಿಗೂ ಹೇಳಿಲ್ಲ; ಫೋನಿನ ದಿನ ಅವಳು ಪಕ್ಕದಲ್ಲೇ ಕೂತಿದ್ದಳು, ಅದಕ್ಕೇ ನಿನಗೂ ಹೇಳಲಿಲ್ಲ. ಮೇ ಕೊನೆಯ ಸೋಮವಾರ, ಸತ್ತ ಸೈನಿಕರನ್ನು ನೆನೆಯುವ ದಿನ, ಅಪ್ಪನ ಗೋರಿಗೆ ಕಲ್ಲು ನಿಲ್ಲಿಸುತ್ತೇವೆ. ರೈಫಲ್ ಮನೆಯಲ್ಲೇ ಬಿಟ್ಟು ಬರುತ್ತೇನೆ.